ಬಿಪಿ ಸರಾಸರಿ ಇಳಿದಿದೆ, ಪೇರ್ಡ್ ಟಿ-ಟೆಸ್ಟ್ ಮಾತ್ರ ಒಪ್ಪುತ್ತಿಲ್ಲ

ಪ್ರಶ್ನೆ, ಡೊಂಬಿವಲಿಯಿಂದ:

ನಮಸ್ಕಾರ. ನಾನು ಮುಂಬಯಿಯಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ನಮ್ಮ ಕಟ್ಟಡದ ಎಂಟು ಮಂದಿ ಹಿರಿಯರು ಮೂರು ತಿಂಗಳಿಂದ ಬೆಳಗಿನ ನಡಿಗೆ ಮಾಡುತ್ತಿದ್ದಾರೆ. ಮೊದಲ ದಿನವೂ ಮೊನ್ನೆ ಭಾನುವಾರವೂ ಎಲ್ಲರ ಬಿಪಿ ನೋಡಿದೆ. ಮೇಲಿನ ಅಂಕಿ ಹೀಗಿದೆ:

ಮೊದಲು: 152, 138, 146, 160, 134, 142, 156, 148
ನಂತರ: 140, 151, 133, 146, 149, 134, 143, 138

ಸರಾಸರಿ 147ರಿಂದ 141.75ಕ್ಕೆ ಇಳಿದಿದೆ. ಎಕ್ಸೆಲ್‌ನ ಟಿ.ಟೆಸ್ಟ್‌ನಲ್ಲಿ ವಿಧ 1 (ಪೇರ್ಡ್, ಅಂದರೆ ಒಬ್ಬೊಬ್ಬರದೇ ಎರಡು ಅಳತೆಗಳ ಹೋಲಿಕೆ) ಎಂದೇ ಕೊಟ್ಟಿದ್ದೇನೆ. ಆದರೂ ಪಿ ಮೌಲ್ಯ, ಅಂದರೆ ನಿಜವಾದ ಬದಲಾವಣೆ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಂಭವ, 0.26 ಬರುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ, ಪುಣೆಯಿಂದ:

ವಿಧ 1 ಸರಿ, ಜೋಡಿ ಅಳತೆಗೆ ಅದೇ ಬೇಕು. ಸೂತ್ರವನ್ನು ಬಿಟ್ಟು, ಮೂರನೆಯ ಕಾಲಂನಲ್ಲಿ ವ್ಯತ್ಯಾಸ ಬರೆದು ನೋಡಿ ತಂಗಿ: 12, −13, 13, 14, −15, 8, 13, 10. ಮೊದಲ ದಿನ ಎಲ್ಲರಿಗಿಂತ ಕಡಿಮೆ ಇದ್ದ ಇಬ್ಬರಿಗೇ ಏರಿದೆ, ಉಳಿದವರಿಗೆಲ್ಲ ಇಳಿದಿದೆ. ಎರಡನೆಯ ಕಾಲಂ ಬೇರೆ ಕ್ರಮದಲ್ಲಿದೆ ಎಂದು ನನ್ನ ಅನುಮಾನ. ಸಾಲು ಅದಲುಬದಲಾದರೂ ಸರಾಸರಿ ಕದಲುವುದಿಲ್ಲ, ಹಾಗಾಗಿ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಡೊಂಬಿವಲಿಯಿಂದ:

ಸರ್, ನಿಮ್ಮ ಅನುಮಾನ ನಿಜ. ಎರಡನೆಯ ಸಲ ಲಿಫ್ಟ್‌ನಿಂದ ಇಳಿದು ಬಂದವರನ್ನು ಬಂದ ಹಾಗೆಯೇ ಬರೆದುಕೊಂಡಿದ್ದೆ. ಪುಣ್ಯಕ್ಕೆ ನೋಟ್‌ಬುಕ್ಕಿನ ಅಂಚಿನಲ್ಲಿ ಫ್ಲ್ಯಾಟ್ ಸಂಖ್ಯೆ ಇತ್ತು. ಸರಿಯಾಗಿ ಜೋಡಿಸಿದ ಮೇಲೆ ವ್ಯತ್ಯಾಸ 6, 4, 3, 9, 1, 4, 7, 8. ಪಿ ಮೌಲ್ಯ 0.0009! ನಡಿಗೆಯಿಂದಲೇ ಇಳಿಯಿತು ಎಂದು ಅವರಿಗೆ ಹೇಳಲೇ?

ಪುಣೆಯಿಂದ:

ಮೊದಲು ಲೆಕ್ಕ. ಸರಾಸರಿ ವ್ಯತ್ಯಾಸ ಆಗಲೂ ಈಗಲೂ 5.25. ಮಾನಕ ವಿಚಲನೆ (ವ್ಯತ್ಯಾಸಗಳು ಎಷ್ಟು ಹರಡಿವೆ ಎಂಬ ಅಳತೆ) ಮಾತ್ರ 12.04 ಇದ್ದದ್ದು 2.71 ಆಯಿತು. ಅದನ್ನು ಎಂಟರ ವರ್ಗಮೂಲದಿಂದ ಭಾಗಿಸಿದರೆ 0.96, 5.25ನ್ನು ಅದರಿಂದ ಭಾಗಿಸಿದರೆ ಟಿ 5.47. ಎಂಟು ಜೋಡಿಗಳಿಗೆ ಶೇಕಡಾ 5ರ ಮಿತಿ 2.365, ಟಿ ಅದನ್ನು ದಾಟಿದರೆ ಪಿ 0.05ಕ್ಕಿಂತ ಕಡಿಮೆ. ಇದೇ ಅಂಕಿಗಳಿಗೆ ವಿಧ 2 (ಎರಡು ಬೇರೆ ಬೇರೆ ಗುಂಪುಗಳ ಹೋಲಿಕೆ) ಕೊಟ್ಟಿದ್ದರೆ ಪಿ 0.20 ಬರುತ್ತಿತ್ತು, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಂತರವೇ ಇಳಿಕೆಯನ್ನು ಮುಚ್ಚಿಹಾಕುತ್ತಿತ್ತು. 1908ರಲ್ಲಿ ಈ ಟಿ-ಟೆಸ್ಟ್‌ಗೆ ಅಡಿಪಾಯ ಹಾಕಿದ ಗಾಸೆಟ್ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆದ ಲೇಖನದಲ್ಲಿಯೂ ಹತ್ತು ರೋಗಿಗಳ ನಿದ್ರೆಯ ಲೆಕ್ಕಕ್ಕೆ ಇದೇ ವ್ಯತ್ಯಾಸದ ಕಾಲಂ ಇದೆ. ಅಲ್ಲಿ ಎರಡು ಔಷಧಗಳ ನಡುವಿನ ಸರಾಸರಿ ವ್ಯತ್ಯಾಸ 1.58 ಗಂಟೆ.

ಇನ್ನು ನಡಿಗೆಯ ಮಾತು. ದಯವಿಟ್ಟು ಹಾಗೆ ಹೇಳಬೇಡಿ. ಬಿಪಿ ಇಳಿದಿದೆ ಎನ್ನುವಷ್ಟೇ ಈ ಪರೀಕ್ಷೆಯ ಮಾತು, ಏಕೆ ಇಳಿಯಿತು ಎಂಬುದಲ್ಲ. ನಡೆಯದವರ ಗುಂಪೊಂದು ಹೋಲಿಕೆಗೆ ಇಲ್ಲ. ಬಿಪಿ ಹೆಚ್ಚಾಗಿದೆ ಎಂದೇ ಸೇರಿದವರಾದರೆ, ಎರಡನೆಯ ಅಳತೆ ಏನೂ ಮಾಡದಿದ್ದರೂ ಸ್ವಲ್ಪ ಇಳಿಯಬಹುದು. ಎರಡೂ ಸಲ ಐದು ನಿಮಿಷ ಕೂರಿಸಿ, ಅದೇ ತೋಳಿನಲ್ಲಿ ನೋಡಿದಿರಾ? ನಡುವೆ ಯಾರ ಮಾತ್ರೆಯಾದರೂ ಬದಲಾಯಿತೇ? ಇದನ್ನು ಮಾತ್ರ ಒಬ್ಬೊಬ್ಬರನ್ನೇ ಕೇಳಿ.

ಡೊಂಬಿವಲಿಯಿಂದ:

ತೋಳು ಅದೇ, ಕೂರಿಸಿಯೂ ಇದ್ದೆ. ಮಾತ್ರೆಯ ವಿಷಯ ಈಗಷ್ಟೇ ಕೇಳಿ ಬಂದೆ ಸರ್. 9 ಇಳಿದದ್ದು 302ರ ಅಜ್ಜನಿಗೆ. ಕಳೆದ ತಿಂಗಳು ವೈದ್ಯರು ಅವರ ಮಾತ್ರೆ ಹೆಚ್ಚಿಸಿದ್ದಾರಂತೆ. ಅದನ್ನು ಅವರ ಸಾಲಿನ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.