ಅಪ್‌ಡೇಟ್: 6 ಲಕ್ಷದ ಸ್ಪೋರ್ಟ್ಸ್ ಕಾರು ಹುಡುಕಾಟ ಮುಗೀತು

ಕೈಯಲ್ಲಿ 6 ಲಕ್ಷ ಇದೆ, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ತಗೊಳ್ಳಲಾ, ಫಿಯೆಟ್‌ನ ಅಬಾರ್ಥ್ ಪುಂಟೊ ತಗೊಳ್ಳಲಾ ಎಂದು ಹಿಂದೆ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ದಿರಿ. ಎರಡೂ ಅಲ್ಲ, ಮನೆಗೆ ಬಂದಿದ್ದು ಮಾರುತಿ ಬಲೆನೋ ಆರ್‌ಎಸ್!

ಪುಂಟೊ ಓಡಿಸಿದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ. 145 ಬಿಎಚ್‌ಪಿ ಎಂಜಿನ್ ಶಕ್ತಿ ಅಂದ್ರೆ ಸುಮ್ನೆ ಅಲ್ಲ. ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಬಿಡಿಭಾಗಕ್ಕೆ ಅಲೆಯುವ ತಾಳ್ಮೆ ನನಗಿಲ್ಲ.

ದಿಲ್ಲಿಯಿಂದ ತರಿಸಿ, ಅಗ್ಗ ಎಂದಿದ್ದಿರಿ. ಎನ್‌ಒಸಿಗೆ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಓಡಾಟ, ಇಲ್ಲಿ ಮತ್ತೆ ಕಟ್ಟಬೇಕಾದ ರಸ್ತೆ ತೆರಿಗೆ ಎಲ್ಲ ಸೇರಿಸಿದೆ. ಉಳಿತಾಯ ಅಲ್ಲೇ ಕರಗಿಹೋಯಿತು. ಗುದ್ದಿದ ಗುರುತು ಮುಚ್ಚಲು ಪುಟ್ಟಿ ಮೆತ್ತಿದ ಕಡೆ ಮ್ಯಾಗ್ನೆಟ್ ಅಂಟಲ್ಲ ಅಂತ ಫ್ರಿಜ್ ಮ್ಯಾಗ್ನೆಟ್ ಹಿಡಿದು ಹುಡುಕುವ ಐಡಿಯಾನೂ ನಡೆಯಲಿಲ್ಲ. ಬಂಪರ್‌ಗೆ ಅಂಟಿಸಲು ಹೋಗಿ ನಗೆಪಾಟಲಾದೆ, ಅದು ಪ್ಲಾಸ್ಟಿಕ್ ಅಲ್ವಾ!

ನಿಜಕ್ಕೂ ಕೆಲಸಕ್ಕೆ ಬಂದಿದ್ದು, "ಬೆಳಿಗ್ಗೆನೇ ಹೋಗಿ, ಮೊದಲು ಬಾನೆಟ್ ಮುಟ್ಟಿ" ಎಂದವರ ಮಾತು. ಮೊದಲು ನೋಡಿದ ಕಾರಿನವರು "ನಿನ್ನೆಯಿಂದ ತೆಗೆದೇ ಇಲ್ಲ ಸಾರ್" ಎಂದರು. ಬೆಳಿಗ್ಗೆ ಏಳಕ್ಕೆ ಬಾನೆಟ್ ಬೆಚ್ಚಗಿತ್ತು, ಅಂದ್ರೆ ನಾನು ಬರುವ ಮೊದಲೇ ಎಂಜಿನ್ ಓಡಿಸಿದ್ದಾರೆ. ಮಾರನೇ ದಿನ ಹೇಳದೆ ಆರಕ್ಕೇ ಹೋದೆ. ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್‌ನಿಂದ ನೀಲಿ ಹೊಗೆ. ಎಂಜಿನ್ ಒಳಗೆ ಆಯಿಲ್ ಸುಡುತ್ತಿದೆ ಎಂದರು ಜೊತೆಗಿದ್ದ ಮೆಕ್ಯಾನಿಕ್ ಅಣ್ಣ. ಅವರಿಗೆ ಕೊಟ್ಟ ಸಾವಿರ ರೂಪಾಯಿ ಸಾರ್ಥಕ.

ಹೊಸದಾಗಿ ಕಲಿತಿದ್ದು ಟೈರ್ ಮೇಲಿನ ನಾಲ್ಕು ಅಂಕಿ. 1117 ಅಂದ್ರೆ 2017ರ 11ನೇ ವಾರ ತಯಾರಾಗಿದ್ದು. ನನ್ನ ಆರ್‌ಎಸ್‌ನಲ್ಲಿ ನಾಲ್ಕೂ ಹಳೇವು. ಅದನ್ನೇ ತೋರಿಸಿ 20 ಸಾವಿರ ಇಳಿಸಿದೆ.

ಒಂದು ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಇದು ಸ್ಪೋರ್ಟ್ಸ್ ಕಾರೇ ಅಲ್ಲ ಎನ್ನುವವರು ಒಮ್ಮೆ ನಂದಿ ಬೆಟ್ಟಕ್ಕೆ ಬನ್ನಿ, ಕಾಫಿ ನಂದು.