ಅಪ್‌ಡೇಟ್: ಲೈಬ್ರರಿ ಈಗ ವಿಂಡೋಸ್‌ನಾಗೂ ಓಡಾಕತ್ತೈತ್ರಿ

ಹೋದ ವಾರ ಕೇಳಿದ್ನೆಲ್ರಿ, ಕಬ್ಬಿನ ತೂಕದ ಡೇಟಾ ಓದೂ ನನ್ನ ಓಪನ್ ಸೋರ್ಸ್ ಸಿ ಭಾಷಾದ ಲೈಬ್ರರಿ (ಬ್ಯಾರೆ ಪ್ರೋಗ್ರಾಂನಾಗ ಬಳಸೂ ಕೋಡ್) ಲಿನಕ್ಸ್‌ನಾಗ ಬರೋಬ್ಬರಿ ನಡೀತೈತಿ, ಅದ ಫೈಲ್ ವಿಂಡೋಸ್‌ನಾಗ ಓದಿದ್ರ ತೂಕ ಎಲ್ಲಾ ಏನೇನೋ ಬರ್ತಾವು ಅಂತ. ಒಬ್ರು ಅಣ್ಣಾರು ಲಾಂಗ್ (ಸಿ ಒಳಗ ಪೂರ್ಣಾಂಕ ಇಡೂ ಒಂದು ಟೈಪ್) ಸೈಜ್ ನೋಡ್ರಿ ಅಂದಿದ್ರು, ಅದ ಖರೇ ಆತು. 64 ಬಿಟ್ ಲಿನಕ್ಸ್‌ನಾಗ ಲಾಂಗ್ ಅಂದ್ರ 8 ಬೈಟ್, 64 ಬಿಟ್ ವಿಂಡೋಸ್‌ನಾಗ 4 ಬೈಟ್ ಅಷ್ಟ, ನಾ ಇಡೀ ಸ್ಟ್ರಕ್ಟ್ (ಹಲವು ಫೀಲ್ಡ್ ಕೂಡಿದ ಗುಂಪು) ಹಂಗ ಎತ್ತಿ ಫೈಲಿಗೆ ಬರ್ದಿದ್ದೆ, ಹಂಗಾಗಿ ಮೊದಲ್ನೇ ತೂಕ ಆದ ಮ್ಯಾಲ ಎಲ್ಲಾ ಸರದು ಬಿದ್ದಿತ್ತು. ಈಗ ಇಂಟ್32_ಟಿ (ಎಲ್ಲಾ ಕಡೆ 4 ಬೈಟ್ ಇರೂ ಟೈಪ್) ಹಾಕಿ ಒಂದೊಂದ ಫೀಲ್ಡ್ ಬ್ಯಾರೆ ಬರ್ಯಾಕತ್ತೀನಿ, ಪ್ಯಾಡಿಂಗ್ (ಫೀಲ್ಡ್‌ಗಳ ನಡಕ ಕಂಪೈಲರ್ ಸೇರಿಸೂ ಖಾಲಿ ಬೈಟ್) ಕಾಟನೂ ತಪ್ಪಿತು.

ಇನ್ನೊಂದು ಸಿಕ್ತು. ಬಾಗಲಕೋಟ್ಯಾಗ ನಮ್ಮ ಗೆಳ್ಯಾ ರಾಸ್‌ಬೆರಿ ಪೈ (ಆರ್ಮ್ ಚಿಪ್ ಇರೂ ಸಣ್ಣ ಕಂಪ್ಯೂಟರ್) ಮ್ಯಾಲ ಓಡಿಸಿದ್ರ ಪ್ರೋಗ್ರಾಂ ಮುಗೀವಲ್ದು. ಎಫ್‌ಗೆಟ್‌ಸಿ (ಫೈಲಿನಿಂದ ಒಂದೊಂದ ಬೈಟ್ ಓದೂ ಫಂಕ್ಷನ್) ಕೊಟ್ಟದ್ದನ್ನ ಚಾರ್‌ನಾಗ (1 ಬೈಟ್ ಟೈಪ್) ಇಟ್ಟು ಇಒಎಫ್ (ಫೈಲ್ ಮುಗೀತು ಅನ್ನೂ ಗುರುತು, -1) ಜೋಡಿ ಹೋಲಿಸ್ತಿದ್ದೆ, ಆರ್ಮ್ ಲಿನಕ್ಸ್‌ನಾಗ ಚಾರ್ ಅನ್‌ಸೈನ್ಡ್ (ಮೈನಸ್ ಸಂಖ್ಯೆ ಹಿಡಿಯೂದಿಲ್ಲ), ಎಂದೂ -1 ಆಗೂದಿಲ್ಲ. ಇಂಟ್ ಮಾಡಿದೆ, ಸರಿ ಆತು. ಎಕ್ಸ್86 (ಸಾಮಾನ್ಯ ಪಿಸಿ ಚಿಪ್) ಮ್ಯಾಲೂ ಇದು ತಪ್ಪ ಇತ್ತು, ಅಲ್ಲಿ ಚಾರ್ ಸೈನ್ಡ್, ಡೇಟಾದಾಗ 255 ಬೈಟ್ ಬಂದ್ರ ಅದು -1 ಆಗಿ ಫೈಲ್ ಅಲ್ಲೇ ಮುಗೀತು ಅಂತ ತಿಳ್ಕೊಂತಿತ್ತು. ರೈತರ ತೂಕದ ಲೆಕ್ಕರಿ ಇದು, ನೋಡಿ ಭಾಳ ಅಂಜಿಕಿ ಆತು.

ಈಗ ಪ್ರತಿ ಕಮಿಟ್‌ಗೂ (ಕೋಡ್ ಬದಲಾವಣೆಗೂ) ಜಿಸಿಸಿ, ಕ್ಲ್ಯಾಂಗ್, ಎಂಎಸ್‌ವಿಸಿ ಮೂರೂ ಕಂಪೈಲರ್‌ನಾಗೂ ಟೆಸ್ಟ್ ಓಡಸ್ತೀನಿ. ಹೇಳಿಕೊಟ್ಟವ್ರಿಗೆಲ್ಲಾ ಥ್ಯಾಂಕ್ಸ್ ರೀ.