ಆಮೆಯ ಚಿಪ್ಪು ಬಿರುಕು ಬಿಟ್ಟಿದೆ, ಸಾಕಿದವರು ಅನುಭವ ಹೇಳಿ

ಕೊತ್ರೂಡ್ ಕಾವ್ಯ: ನಮ್ಮ ರೆಡ್ ಇಯರ್ಡ್ ಸ್ಲೈಡರ್ ಆಮೆ ಗ್ಯಾಲರಿಯ ಟಬ್ ಹತ್ತಿ ಫರ್ಶಿ ಮೇಲೆ ಬಿತ್ತು. ಬೆನ್ನಿನ ಚಿಪ್ಪಿನ ಅಂಚಲ್ಲಿ ಬಿರುಕು. ಸ್ವಲ್ಪ ರಕ್ತ ಬಂದು ನಿಂತಿದೆ. ಇವತ್ತು ಭಾನುವಾರ, ಪುಣೆಯಲ್ಲಿ ಆಮೆ ನೋಡುವ ಡಾಕ್ಟರ್ ಸಿಗುತ್ತಿಲ್ಲ. ನೀರಲ್ಲೇ ಬಿಡಬೇಕಾ, ಹೊರಗಿಡಬೇಕಾ? ಖರ್ಚು ಎಷ್ಟಾಗಬಹುದು?

ಡೊಂಬಿವಲಿ ಶೆಟ್ಟಿ: ಹೊರಗಿಡಿ. ನಮ್ಮದನ್ನು ರಾತ್ರಿ ಇಲಿ ಕಡಿದಿತ್ತು. ಅಂಚಿನ ಎರಡು ಬಿಲ್ಲೆ ಹೋಗಿ ಎಲುಬು ಕಾಣುತ್ತಿತ್ತು. ಡಾಕ್ಟರ್ ಫೀಸು 800, ಎಕ್ಸ್‌ರೇ 1,800, ರಕ್ತ ಪರೀಕ್ಷೆ 1,200. ಮೊದಲ ದಿನವೇ ಇಷ್ಟು. ಆಮೇಲೆ ಸೆಫ್ಟಾಜಿಡಿಮ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್, ಮೂರು ದಿನಕ್ಕೊಮ್ಮೆ, ಮುಂಗಾಲಿಗೇ ಕೊಡಬೇಕು. ಹಿಂಗಾಲಿನ ರಕ್ತ ಮೊದಲು ಕಿಡ್ನಿಗೆ ಹೋಗುತ್ತದಂತೆ. ಕಲಸಿದ ಔಷಧಿ ಕೆಡಬಾರದು ಅಂತ ಸಿರಿಂಜ್‌ಗಳಲ್ಲಿ ತುಂಬಿ ಫ್ರೀಜರ್‌ನಲ್ಲಿ ಇಟ್ಟಿದ್ದೆವು, ಬಂಗುಡೆ ಮೀನಿನ ಪಕ್ಕ. ಮನೆಯವಳು ಅದಕ್ಕೂ ಜಗಳ ತೆಗೆದಳು. ಡೊಂಬಿವಲಿಯಿಂದ ಆಸ್ಪತ್ರೆಗೆ ಲೋಕಲ್‌ನಲ್ಲಿ ಡಬ್ಬಿ ಹಿಡಿದು ಹೋಗೋಕಾಗುತ್ತಾ? ಹೋಗಿ ಬರೋಕೆ ಟ್ಯಾಕ್ಸಿಗೇ 1,600. ಅದರ ಮೇಲೆ ಡ್ರೆಸ್ಸಿಂಗ್‌ಗೆ ಪ್ರತಿ ಸಲ 350. ಆಮೆ ಕೊಂಡದ್ದು ಕ್ರಾಫರ್ಡ್ ಮಾರ್ಕೆಟ್‌ನಲ್ಲಿ 300 ರೂಪಾಯಿಗೆ. ಉಳಿಸಿಕೊಂಡದ್ದು 19,000ಕ್ಕೆ.

ಅಂದಹಾಗೆ, ನೀರಿನ ಹೊರಗೆ ಅದಕ್ಕೆ ನುಂಗೋಕೆ ಬರುವುದಿಲ್ಲ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಉಗುರುಬೆಚ್ಚಗಿನ ನೀರಲ್ಲಿ ಬಿಟ್ಟು ಅಲ್ಲೇ ತಿನ್ನಿಸಿ. ಗಾಯಕ್ಕೆ ನೀರು ತಾಗಬಾರದು.

ಪಿಂಪ್ರಿ ವರ್ಕ್‌ಶಾಪ್: 19,000! ಎಪಾಕ್ಸಿ ಟ್ಯೂಬ್ 70 ರೂಪಾಯಿ ರೀ. ನಮ್ಮದು ಮೆಟ್ಟಿಲಿಂದ ಬಿದ್ದು ಬಿರುಕು ಬಿಟ್ಟಿತ್ತು. ಪಾಲಿಶ್ ಪೇಪರ್ ಹಚ್ಚಿ ಉಜ್ಜಿದೆ, ಸ್ಪಿರಿಟ್ ಹಾಕಿ ಒರೆಸಿದೆ, ಎಪಾಕ್ಸಿ ತುಂಬಿದೆ. ಗಟ್ಟಿಯಾಯಿತು. ವರ್ಷಗಟ್ಟಲೆ ಆಯಿತು, ಇವತ್ತಿಗೂ ವರ್ಕ್‌ಶಾಪ್ ತುಂಬಾ ಓಡಾಡುತ್ತಿದೆ. ಡಾಕ್ಟರ್‌ಗೆ ಸುರಿಯೋರು ಸುರಿಯಲಿ ಬಿಡಿ.

ಮುಲುಂಡ್ ಅನುರಾಧಾ: ಕಾವ್ಯ, ದಯವಿಟ್ಟು ಇವರ ಮಾತು ಕೇಳಬೇಡಿ. ನಮ್ಮದಕ್ಕೆ ಅಂಟು ಹಾಕಿದ್ದು ಒಬ್ಬ ಡಾಕ್ಟರೇ. ಮೊದಲ ದಿನವೇ ಫೈಬರ್‌ಗ್ಲಾಸ್ ಹಚ್ಚಿ 4,500 ತಗೊಂಡರು. ಮೇಲಿಂದ ನೋಡೋಕೆ ಚೆಂದ. ಸ್ವಲ್ಪ ದಿನದಲ್ಲೇ ವಾಸನೆ ಶುರುವಾಯಿತು. ಊಟ ಬಿಟ್ಟಿತು. ಆಮೆಯ ಕೀವು ನಮ್ಮ ಕೀವಿನ ಹಾಗೆ ಹರಿಯುವುದಿಲ್ಲ, ಗಟ್ಟಿ ಗಡ್ಡೆಯಾಗಿ ಒಳಗೇ ಕೂರುತ್ತದೆ. ಬೇರೆ ಕಡೆ ಒಯ್ದು, ಅರಿವಳಿಕೆ ಕೊಡಿಸಿ, ಡ್ರಿಲ್ ಹಾಕಿ ಆ ಪಟ್ಟಿ ತೆಗೆಸಿದೆವು. 11,000. ಅದರ ಮೇಲೆ ಟ್ಯೂಬ್ ಹಾಕಿ ತಿನ್ನಿಸೋ ಖರ್ಚು ಬೇರೆ. ಹೊಸ ಎಲುಬು ತುಂಬೋಕೆ ವರ್ಷದ ಮೇಲಾಯಿತು.

ಚಿಪ್ಪು ಅಂದರೆ ಎಲುಬು. ಬೆನ್ನುಮೂಳೆ, ಪಕ್ಕೆಲುಬು ಎಲ್ಲಾ ಅದರಲ್ಲೇ ಸೇರಿಕೊಂಡಿವೆ. ಕೆಳಗೇ ಶ್ವಾಸಕೋಶ. ಮುಟ್ಟಿದರೆ ಅದಕ್ಕೆ ಗೊತ್ತಾಗುತ್ತದೆ, ನೋವೂ ಆಗುತ್ತದೆ. ಪಾಲಿಶ್ ಪೇಪರ್ ಹಚ್ಚೋಕೆ ಅದೇನು ಗೇಟಾ?

ಪಿಂಪ್ರಿ ವರ್ಕ್‌ಶಾಪ್: ನಿಮ್ಮ ಡಾಕ್ಟರ್ ತೊಳೆಯದೆ ಮುಚ್ಚಿದರೆ ಅದು ಅಂಟಿನ ತಪ್ಪಾ ಮೇಡಂ? ನಮ್ಮದು ಬದುಕಿದೆ. ಬೇಕಾದರೆ ಬಂದು ನೋಡಿ.

ಮುಲುಂಡ್ ಅನುರಾಧಾ: ಬದುಕಿದ್ದು ಅದರ ಪುಣ್ಯ, ನಿಮ್ಮ ಪುಣ್ಯ ಅಲ್ಲ.

ಮಡಗಾಂವ್ ಭಟ್ಟ: ನಮಗೆ ಸಿಕ್ಕಿದ್ದು ಮಳೆಗಾಲದಲ್ಲಿ. ಗದ್ದೆ ಪಕ್ಕದ ರಸ್ತೆಯಲ್ಲಿ ಸ್ಕೂಟರ್ ಹತ್ತಿಸಿ ಹೋಗಿದ್ದರು. ಬಿರುಕಿಗಿಂತ ನೊಣದ ಕಾಟ ಜಾಸ್ತಿ. ಸಂಜೆ ನೋಡಿದರೆ ಮೊಟ್ಟೆ, ಮರುದಿನ ಹುಳ. ಚಿಮುಟದಲ್ಲಿ ಒಂದೊಂದೇ ತೆಗೆದು, ಸಲೈನ್‌ನಲ್ಲಿ ತೊಳೆದು, ಬೆಟಾಡಿನ್ ನೀರು ಹಾಕುತ್ತಿದ್ದೆ. ನೇರ ಹಾಕಬಾರದು, ತಿಳಿ ಚಹಾದ ಬಣ್ಣ ಬರಬೇಕು. ಮೆಡಿಕಲ್‌ನವನು ಹುಳಕ್ಕೆ ಐವರ್‌ಮೆಕ್ಟಿನ್ ಕೊಟ್ಟ. ದನಕ್ಕೆ ಕೊಡುತ್ತಾರಂತೆ. ಪುಣ್ಯಕ್ಕೆ ಡಾಕ್ಟರ್ ಭಾವನಿಗೆ ಫೋನ್ ಮಾಡಿದೆ. ಆಮೆಗೆ ಅದು ವಿಷ! ಸೊಳ್ಳೆಪರದೆ 250, ಸಲೈನ್ ಬಾಟಲಿಗೆ 45. ಈಗ ಹಿತ್ತಲಿನ ಬಾವಿಯಲ್ಲಿ ಆರಾಮಾಗಿದೆ.

ಮುಲುಂಡ್ ಅನುರಾಧಾ: ಭಟ್ಟರೇ, ಯಾವ ಜಾತಿ ಅದು?

ಮಡಗಾಂವ್ ಭಟ್ಟ: ಹಿಂಗಾಲಿಗೆ ಮುಚ್ಚಳ ಇರುತ್ತದಲ್ಲ, ಅದು.

ಮುಲುಂಡ್ ಅನುರಾಧಾ: ಫ್ಲ್ಯಾಪ್‌ಶೆಲ್. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲ್. ಮನೆಯಲ್ಲಿ ಇಡೋದು ಅಪರಾಧ. ನಕ್ಷತ್ರ ಆಮೆಯೂ ಅಷ್ಟೇ. ಅರಣ್ಯ ಇಲಾಖೆಗೆ ಒಪ್ಪಿಸಿ.

ಮಡಗಾಂವ್ ಭಟ್ಟ: ಅಜ್ಜನ ಕಾಲದಿಂದ ನಮ್ಮ ಬಾವಿಯಲ್ಲಿ ಆಮೆ ಇದೆ. ರಸ್ತೆಯಲ್ಲಿ ಒದ್ದಾಡುತ್ತಿದ್ದಾಗ ಕಾಯ್ದೆ ಹೇಳೋರು ಒಬ್ಬರೂ ಗಾಡಿ ನಿಲ್ಲಿಸಲಿಲ್ಲ. ಅಮೆರಿಕದ ಸ್ಲೈಡರ್ ತಂದು, ತಟ್ಟೆಯಷ್ಟು ದೊಡ್ಡದಾದ ಮೇಲೆ ಕೆರೆಗೆ ಬಿಟ್ಟು ಬರೋರು ನೀವೇ ಅಲ್ವಾ?

ಡೊಂಬಿವಲಿ ಶೆಟ್ಟಿ: ಯಾರು ಬಿಟ್ಟರು ಸ್ವಾಮಿ? ಸುಮ್ನೆ ಎಲ್ಲರನ್ನೂ ಸೇರಿಸಬೇಡಿ. 19,000 ಸುರಿದವನು ಕೆರೆಗೆ ಬಿಡುತ್ತಾನಾ?

ಅಂಧೇರಿ ವಾರುಣಿ: ಎಲ್ಲರೂ ಗಾಯದ ಮಾತೇ ಆಡುತ್ತಿದ್ದೀರಿ. ಯುವಿಬಿ ದೀಪ ಯಾರ ಮನೆಯಲ್ಲಿದೆ? ಬಿಸಿಲಲ್ಲಿರೋ, ಚಿಪ್ಪು ಗಟ್ಟಿಯಾಗೋಕೆ ಬೇಕಾದ ಕಿರಣ ಅದು. ನಮ್ಮದರ ಚಿಪ್ಪು ಒತ್ತಿದರೆ ತಗ್ಗುತ್ತಿತ್ತು. ಅದಕ್ಕೇ ಅಷ್ಟು ಸಣ್ಣ ಏಟಿಗೆ ಒಡೆಯಿತು ಅಂದರು ಡಾಕ್ಟರ್. ಕಿಟಕಿ ಗಾಜಿನಿಂದ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಯುವಿಬಿ ಗಾಜಲ್ಲೇ ನಿಂತುಬಿಡುತ್ತದೆ. ಆ ದೀಪದ ಟ್ಯೂಬ್ 2,400, ಹೋಲ್ಡರ್ 900. ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಯುವಿಬಿ ಕಡಿಮೆಯಾಗುತ್ತಾ ಹೋಗುತ್ತದೆ. ಅಂಗಡಿಯವರು ಕೊಡೋ ಒಣ ಸಿಗಡಿ ಒಂದನ್ನೇ ಹಾಕಿ ಬೆಳೆಸಿದರೆ ಚಿಪ್ಪು ಎಲ್ಲಿಂದ ಗಟ್ಟಿಯಾಗಬೇಕು? ಇಷ್ಟೆಲ್ಲಾ ಮಾಡುವಾಗ ಅತ್ತೆಯದು ಒಂದೇ ಮಾತು, ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತ.

ಪಿಂಪ್ರಿ ವರ್ಕ್‌ಶಾಪ್: ನಮ್ಮ ಪಂಡಿತರು ವಾಸ್ತುವಿಗೆ ಒಳ್ಳೆಯದು ಅಂದಿದ್ದಕ್ಕೇ ನಾನು ತಂದದ್ದು.

ಅಂಧೇರಿ ವಾರುಣಿ: ವಾಸ್ತುವಿಗೆ ಹಿತ್ತಾಳೆಯದು ತರಬೇಕಿತ್ತು. ಅದಕ್ಕೆ ಎಪಾಕ್ಸಿ ಹಚ್ಚಿದರೂ ನಡೆಯುತ್ತಿತ್ತು.

ಕೊತ್ರೂಡ್ ಕಾವ್ಯ: ಜಗಳದ ಮಧ್ಯೆ ಹೇಳಿಬಿಡುತ್ತೇನೆ. ರಾತ್ರಿ ಟಬ್‌ನಲ್ಲಿ ಒದ್ದೆ ಟವೆಲ್ ಬೇಡ ಅಂತ ಒಣ ಟವೆಲ್ ಹಾಸಿ ಇಟ್ಟಿದ್ದೆ, ಮೇಲೆ ಪರದೆ. ಇವತ್ತು ಡಾಕ್ಟರ್ ಸಿಕ್ಕರು. ಬಿರುಕು ಒಳಗೆ ಇಳಿದಿಲ್ಲವಂತೆ. ತಂತಿ ಹಾಕಿ ಬಿಗಿಯೋದು ಬೇಡ, ತೊಳೆದು ಸಿಲ್ವರ್ ಸಲ್ಫಾಡಯಜಿನ್ ಮುಲಾಮು ಹಚ್ಚಿ ಅಂದರು. ನೋವಿಗೆ ಮೆಲಾಕ್ಸಿಕಾಂ. ಫೀಸು 500, ಎಕ್ಸ್‌ರೇ 600.

ಡೊಂಬಿವಲಿ ಶೆಟ್ಟಿ: ಎಕ್ಸ್‌ರೇ 600ಕ್ಕಾ? ನಮ್ಮಿಂದ 1,800 ತಗೊಂಡರಲ್ರೀ!

ಮುಲುಂಡ್ ಅನುರಾಧಾ: ಮೇಲಿಂದ ಒಂದೇ ತೆಗೆದಿರಬೇಕು. ಪಕ್ಕದಿಂದ, ಮುಂದಿನಿಂದ ತೆಗೆದರೆ ಮಾತ್ರ ಶ್ವಾಸಕೋಶ ಸರಿಯಾಗಿ ಕಾಣುತ್ತದೆ. ಇನ್ನೆರಡು ತೆಗೆಸಿ ಕಾವ್ಯ.

ಡೊಂಬಿವಲಿ ಶೆಟ್ಟಿ: ಮೂರಕ್ಕೆ 1,800. ಹಾಗಾದರೆ ಸರಿ. ಟ್ಯಾಕ್ಸಿಯವನು ಮಾತ್ರ ಜಾಸ್ತಿ ತಗೊಂಡ.